ಮಾವನ ಮೋಟಾರ್ ಸೈಕಲ್ ತೊಳೆದದ್ದು

ಸಾವಿರದ ಒಂಬೈನೂರ ಹದಿನೈದನೇ ಇಸವಿಯಲ್ಲಿ ನಾನು ಓದು ನಿಲ್ಲಿಸಿದೆ. ಓದು ನನ್ನನ್ನು ಬಿಟ್ಟದ್ದಲ್ಲ, ನಾನೇ ಅದನ್ನು ಬಿಟ್ಟದ್ದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅಪ್ಪ ತೀರಿಕೊಂಡಿದ್ದರು. ಶಿರಂಗಾಲದ ನಮ್ಮ ಮನೆಯಲ್ಲಿ ಅವ್ವ, ತಮ್ಮ, ತಂಗಿ, ಒಂದು ಗಾಡಿ, ಒಂದು ಜೊತೆ ಎತ್ತು. ಎತ್ತುಗಳು ನನ್ನ ಮಗ್ಗಿ ಕೇಳಿ ನೊಗಕ್ಕೆ ಕತ್ತು ಕೊಡುವಂಥವಲ್ಲ. ಸ್ಲೇಟು ಇಟ್ಟು ಬಾರುಕೋಲು ಹಿಡಿದೆ. ಇನ್ನು ಈ ಜನ್ಮದಲ್ಲಿ ಪರೀಕ್ಷೆಯ ಕಾಟವಿಲ್ಲ ಅಂದುಕೊಂಡೆ.

ಹಾಗೆ ಅಂದುಕೊಂಡದ್ದು ನನ್ನ ಸೋದರಮಾವನ ವಿಚಾರ ಗೊತ್ತಿಲ್ಲದೆ!

ಮಡಿಕೇರಿಯಲ್ಲಿ ಮನೆ ಮಾಡಿಕೊಂಡು ನೀರಿನ ಹನಿಯ ಮೇಲೆ ಹಗೆ ಸಾಧಿಸಿದ ಮನುಷ್ಯ ಈ ಭೂಮಿಯ ಮೇಲೆ ನಮ್ಮ ಮಾವ ಒಬ್ಬರೇ ಇರಬೇಕು. ಜ್ಯೇಷ್ಠದಲ್ಲಿ ಶುರುವಾದ ಮಳೆ ದೀಪಾವಳಿಗೂ ಬಾಗಿಲಲ್ಲಿ ನಿಂತಿರುವ ಊರು ಅದು. ಮಳೆ ಇಲ್ಲದ ದಿನ ಮಂಜು. ಮಡಿಕೇರಿಯ ಮಂಜಿಗೆ ಬಾಗಿಲು ತಟ್ಟಿ ಒಳಗೆ ಬರುವ ಅಭ್ಯಾಸವೂ ಇಲ್ಲ. ಇಂಥ ಊರಿನಲ್ಲಿ ಕೂತು "ಒಂದು ಹನಿ ಬೀಳಬಾರದು" ಅನ್ನುವವರಿಗೆ ಏನು ಹೇಳೋಣ? ಮೀನಿಗೆ ನೆಗಡಿಯಾದರೆ ಯಾವ ಕಷಾಯ ಕೊಡೋಣ?

ಮಾವ ಅಂದರೆ ಅವ್ವನ ತಮ್ಮ. ಸುಂಟಿಕೊಪ್ಪದ ಕಡೆ ಒಬ್ಬ ಇಂಗ್ಲಿಷ್ ದೊರೆಯ ಕಾಫಿ ತೋಟದಲ್ಲಿ ಬಹಳ ಕಾಲ ರೈಟರ್, ಅಂದರೆ ಲೆಕ್ಕದ ಗುಮಾಸ್ತ, ಆಗಿದ್ದವರು. ಲೈನಿನ ಆಳುಗಳ ಹಾಜರಿ ಹಿಡಿದು ಹಿಡಿದು, ಮನೆಯಲ್ಲಿ ಬೆಕ್ಕು ಕಾಣಿಸದಿದ್ದರೂ "ಆಬ್ಸೆಂಟ್" ಅನ್ನುತ್ತಿದ್ದರು. ದೊರೆ ತೋಟ ಮಾರಿ ತನ್ನ ಸೀಮೆಗೆ ಹೊರಟಾಗ ಬಂಗಲೆಯ ಸಾಮಾನನ್ನು ಹಂಚಿದನಂತೆ. ಬಟ್ಲರನಿಗೆ ಪಿಂಗಾಣಿ ತಟ್ಟೆಗಳು, ಮೇಸ್ತ್ರಿಗೆ ಬೂಟು ಮತ್ತು ಕೊಡೆ, ಮಾವನಿಗೆ ಮೋಟಾರ್ ಸೈಕಲ್. ಕೊಡುವಾಗ ದೊರೆ ಎಷ್ಟೋ ಬುದ್ಧಿಮಾತು ಹೇಳಿರಬೇಕು: ಎಣ್ಣೆ ಎಲ್ಲಿ ಹೊಯ್ಯಬೇಕು, ಬ್ರೇಕು ಎಲ್ಲಿ ಹಿಡಿಯಬೇಕು, ಇಳಿಜಾರಿನಲ್ಲಿ ದೇವರನ್ನು ಯಾವಾಗ ನೆನೆಯಬೇಕು. ಮಾವನ ಕಿವಿಗೆ ಹೊಕ್ಕದ್ದು ಒಂದೇ ಮಾತು: "ರೈಟರ್, ತೊಳೆದ ಮೇಲೆ ನೀರಿನ ಕಲೆ ಉಳಿಸಬೇಡ."

ಅದೊಂದು ಚೆಂದದ ವಸ್ತು, ಸುಳ್ಳು ಹೇಳಬಾರದು. ಕರಿ ಟಾಂಕಿ, ಅದರ ಅಂಚಿಗೆ ಕೂದಲೆಳೆಯಂಥ ಚಿನ್ನದ ಗೆರೆ, ಮುಂದೆ ಮುಖ ನೋಡಿಕೊಳ್ಳಬಹುದಾದಂಥ ದೀಪ. ಅದನ್ನು ಮಾವ ಓಡಿಸುತ್ತಿದ್ದರೇ? ಮಳೆಗಾಲದಲ್ಲಿ ರಸ್ತೆಯಲ್ಲಿ ಕೆಸರು, ಓಡಿಸುವಂತಿಲ್ಲ. ಬೇಸಗೆಯಲ್ಲಿ ಧೂಳು, ಓಡಿಸುವಂತಿಲ್ಲ. ಮಳೆಯೂ ಧೂಳೂ ಇಲ್ಲದ ಕಾಲದಲ್ಲಿ ಓಡಿಸಬೇಕು. ಅಂಥ ಕಾಲ ಕೊಡಗಿನ ಪಂಚಾಂಗದಲ್ಲಿ ಇರಲಿಲ್ಲ. ಆಯುಧಪೂಜೆಯ ದಿನ ಮಳೆ ಬಿಟ್ಟರೆ ಕೋಟೆ ಬಾಗಿಲವರೆಗೆ ಒಂದು ಸುತ್ತು ಎಂದು ಗೊತ್ತು ಮಾಡಿಕೊಂಡಿದ್ದರು. ಆಯುಧಪೂಜೆಯ ದಿನ ಮಳೆ ಬಿಟ್ಟ ವರ್ಷ ನನಗೆ ನೆನಪಿಲ್ಲ.

"ಮಾವ, ಸಂತೆಗೆ ಇದರಲ್ಲೇ ಹೋಗಿ ಬರಬಾರದಾ?" ಎಂದು ಒಂದು ಸಲ ಕೇಳಿದೆ.

"ಕೊಳೆ ಆಗ್ತದಲ್ಲೋ!" ಎಂದು, ಕೈಚೀಲ ಹಿಡಿದು ನಡೆದೇ ಹೊರಟರು. ನಡೆದು ಬಂದು, ಕಾಲು ತೊಳೆದುಕೊಂಡು, ಕೊಟ್ಟಿಗೆಯಲ್ಲಿ ನಿಂತೇ ಇದ್ದ ಮೋಟಾರ್ ಸೈಕಲನ್ನೂ ತೊಳೆದರು. ಎಲ್ಲಿಗೂ ಹೋಗದ ಗಾಡಿಗೆ ಎಲ್ಲಿಂದ ಕೊಳೆ ಬಂತು? ಇದನ್ನು ನಾನು ಕೇಳಲಿಲ್ಲ. ಕೇಳುವಂತಿರಲಿಲ್ಲ. ಅವರ ಮಗಳು ಗಿರಿಜೆ ಬಾಗಿಲ ಸಂದಿಯಿಂದ ನೋಡುತ್ತಿದ್ದಳು, ನನಗೆ ಆ ಮನೆಯಲ್ಲಿ ಒಳ್ಳೆಯ ಹೆಸರು ಬೇಕಾಗಿತ್ತು.

ಸೋದರಮಾವನ ಮಗಳನ್ನು ಕೇಳುವುದು ನಮ್ಮಲ್ಲಿ ಕ್ರಮ. ಕೇಳದಿದ್ದರೇ ಮಾವನಿಗೆ ಸಿಟ್ಟು. ನನಗೆ ಕ್ರಮವೂ ಇತ್ತು, ಮನಸ್ಸೂ ಇತ್ತು. ಶುಕ್ರವಾರದ ಸಂತೆಗೆ ಭತ್ತವೋ ಕುಂಬಳಕಾಯಿಯೋ ಹೇರಿಕೊಂಡು ಮಡಿಕೇರಿ ಹತ್ತಿದರೆ ಎತ್ತುಗಳು ತಾವಾಗಿಯೇ ಮಾವನ ಮನೆಯ ಕಡೆ ತಿರುಗುತ್ತಿದ್ದವು. ಜನ ಎತ್ತಿಗೆ ಬುದ್ಧಿ ಇಲ್ಲ ಅನ್ನುತ್ತಾರೆ!

ಒಂದು ಸಲ ಜಗಲಿಯಲ್ಲಿ ಕೂತು ನಮ್ಮೂರಿನ ಒಬ್ಬ ಮನೆ ಅಳಿಯನ ಕತೆ ಹೇಳಿ ನಗಿಸಿದ್ದೆ. ಮಾವ ಕೆಮ್ಮಿದರೆ ಎದ್ದು ನಿಲ್ಲುತ್ತಾನೆ, ಸೀನಿದರೆ ಕೂರುತ್ತಾನೆ ಎಂದೆಲ್ಲ ನಟಿಸಿ ತೋರಿಸಿ, ಕೊನೆಗೆ ಎದೆ ತಟ್ಟಿಕೊಂಡು ಅಂದೆ: "ನಾನು ಗಾಡಿ ಹೊಡೆದು ತಿನ್ನೋನು ಮಾವ. ಹೆಂಡ್ತೀನ ಕರ್ಕೊಂಡು ಹೋಗಿ ನನ್ನ ಮನೇಲಿ ಇಟ್ಕೊಳ್ತೀನೇ ಹೊರತು, ಮಾವನ ಮನೆ ಅನ್ನಕ್ಕೆ ಎಲೆ ಹಾಕೋ ಜಾತಿ ಅಲ್ಲ."

ಗಿರಿಜೆ ನಕ್ಕಳು. ಮಾವ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಒಳ್ಳೇದು" ಅಂದರು.

ಮುಂದಿನ ಸಲ ಅವ್ವನನ್ನೂ ಗಾಡಿಯಲ್ಲಿ ಕೂರಿಸಿಕೊಂಡು ಬಂದೆ. ಅವ್ವ ತೆಂಗಿನಕಾಯಿ ಮುಂದಿಟ್ಟು ಕೇಳಿಯೇಬಿಟ್ಟರು.

"ಏನಪ್ಪ, ಹುಡುಗೀನ ಯಾವಾಗ ಕಳಿಸ್ತೀಯಾ?"

"ಕೊಡೋಕೆ ನಂದೇನೂ ಅಡ್ಡಿಯಿಲ್ಲಕ್ಕ. ನಿನ್ನ ಮಗನಿಗೆ ಹಕ್ಕಿದೆ."

"ಮತ್ತಿನ್ನೇನು?"

"ಆ ಮೋಟಾರ್ ಸೈಕಲ್ ಇದೆಯಲ್ಲ, ಅದನ್ನ ಒಂದೇ ಒಂದು ನೀರಿನ ಕಲೆ ಉಳೀದ ಹಾಗೆ ತೊಳೆದು ತೋರಿಸ್ಲಿ. ಅವತ್ತೇ ವೀಳ್ಯ ಬದಲಾಯಿಸೋಣ."

ಅವ್ವ ನನ್ನ ಮುಖ ನೋಡಿದರು, ತಮ್ಮನ ಮುಖ ನೋಡಿದರು, ಕೊನೆಗೆ ತೆಂಗಿನಕಾಯಿಯನ್ನು ನೋಡಿದರು. ವಾಪಸು ಬರುವಾಗ ಸುಂಟಿಕೊಪ್ಪ ದಾಟುವವರೆಗೂ ಬೈದರು. "ನಮ್ಮಪ್ಪ ನಂಗೆ ಗಂಡು ನೋಡೋವಾಗ, ಎತ್ತಿನ ಬಾಯಿ ಬಿಡಿಸಿ ವಯಸ್ಸು ಹೇಳೋಕೆ ಬತ್ತದಾ ಅಂತ ಕೇಳಿದ್ರು. ಅದು ಪ್ರಶ್ನೆ! ಇದೇನ್ಲಾ ಇದು, ಕಬ್ಬಿಣ ತೊಳ್ಯೋದು?"

"ಅವ್ವ, ತೊಳ್ಯೋದು ತಾನೇ? ದಿನಾ ಎತ್ತು ತೊಳೀತೀನಿ. ಇದೆಷ್ಟು ಹೊತ್ತು?" ಅಂದೆ. ನನ್ನ ಜಂಬಕ್ಕೆ ಎತ್ತುಗಳೂ ಕಿವಿ ಅಲ್ಲಾಡಿಸಿದವು.

ಮುಂದಿನ ಶುಕ್ರವಾರ ಸಂತೆ ಮುಗಿಸಿ ಬಂದವನೇ ಪಂಚೆ ಎತ್ತಿ ಕಟ್ಟಿದೆ. ಹುಲ್ಲಿನ ಸಿಂಬೆ ಮಾಡಿಕೊಂಡೆ. ಮೋಟಾರ್ ಸೈಕಲನ್ನು ಬಿಸಿಲಿಗೆ ತಳ್ಳಿ, ಬಾವಿಯಿಂದ ಕೊಡಗಟ್ಟಲೆ ನೀರು ಸೇದಿ ರಪರಪ ಎರಚಿದೆ. ಬೆನ್ನು ತಿಕ್ಕಿದೆ, ಹೊಟ್ಟೆ ತಿಕ್ಕಿದೆ, ಕಾಲಿನ ಸಂದು ತಿಕ್ಕಿದೆ. ಅಭ್ಯಾಸಬಲದಿಂದ "ಹೋ... ಹೋ..." ಎಂದು ಸಮಾಧಾನವನ್ನೂ ಮಾಡಿದೆ. ತೊಳೆದು ಮುಗಿಸಿ, ಎತ್ತನ್ನು ಬಿಟ್ಟ ಹಾಗೆ, ಬಿಸಿಲಿಗೆ ಒಣಗಲು ಬಿಟ್ಟು ಬೀಡಿ ಹಚ್ಚಿದೆ.

"ಊಟ ಮಾಡ್ಕೊಂಡು ಬಾ" ಅಂದರು ಮಾವ. "ಕಲೆ ಒದ್ದೆಯಲ್ಲಿ ಕಾಣಲ್ಲ. ಒಣಗಿದ ಮೇಲೇ ಪರೀಕ್ಷೆ."

ಊಟ ಮುಗಿಸಿ ಬಂದು ನೋಡಿದರೆ ಟಾಂಕಿಗೆ ಸಿಡುಬು ಎದ್ದಿದೆ! ಮೈಯೆಲ್ಲ ಬಿಳಿ ಬಿಳಿ ಚುಕ್ಕಿ. ದೀಪದ ಮೇಲಂತೂ ರಂಗೋಲಿ ಇಟ್ಟ ಹಾಗೆ.

"ಎತ್ತನ್ನ ಹಿಂಗೇ ತೊಳ್ಯೋದು ಮಾವ, ಒಂದು ಚುಕ್ಕಿ ಉಳಿಯಲ್ಲ" ಅಂದೆ.

"ಎತ್ತು ಮೈ ಕೊಡವ್ತದೆ" ಅಂದರು ಮಾವ. "ಇದು ಕೊಡವ್ತದಾ?"

ಮಾವ ತೋಟದ ಇಂಗ್ಲಿಷಿನಲ್ಲಿ ತೀರ್ಪು ಕೊಟ್ಟರು: "ಫೇಲ್."

ಆಮೇಲೆ ಗಿರಿಜೆ ಹಿತ್ತಲಲ್ಲಿ ಪಾತ್ರೆ ಬೆಳಗುತ್ತ, ನನಗಲ್ಲ, ಪಾತ್ರೆಗೆ ಹೇಳುವವಳ ಹಾಗೆ ಹೇಳಿದಳು: "ಬಿಸಿಲಲ್ಲಿ ನಿಲ್ಲಿಸ್ಬಾರ್ದು. ನೆರಳಲ್ಲೇ ತೊಳೀಬೇಕು. ಎರಚ್ಬಾರ್ದು, ಮೇಲಿಂದ ಸಣ್ಣಗೆ ಸುರಿದು ಇಳಿಸ್ಬೇಕು. ಒಣಗೋಕೆ ಮುಂಚೆ ಒತ್ತಿ ಒತ್ತಿ ತೆಗೀಬೇಕು, ಉಜ್ಜಬಾರ್ದು."

"ಇದನ್ನ ಮೊದಲೇ ಹೇಳ್ಬಾರ್ದಾಗಿತ್ತಾ?"

"ನೀವು ಎದೆ ತಟ್ಕೊಳ್ತಿದ್ರಲ್ಲ ಭಾವ, ಆ ಸದ್ದಿಗೆ ಕೇಳಿಸ್ತಿರ್ಲಿಲ್ಲ."

ಒರೆಸಲು ಒಳ್ಳೆಯ ಬಟ್ಟೆ ಬೇಕು. ಪೇಟೆಯಲ್ಲಿ ಮಲಯಾಳದ ಕಾಕನ ಜವಳಿ ಅಂಗಡಿಗೆ ಹೋಗಿ, ಇರುವುದರಲ್ಲೇ ಮೆತ್ತನೆಯ ಮಲ್ಲು ಬಟ್ಟೆ ಕೊಡು ಅಂದೆ.

"ಕುಟ್ಟಿಗಾ?" ಎಂದ ಕಾಕ. ಮಗುವಿಗೋ ಅಂತ.

"ಮಗುಗಲ್ಲ ಕಾಕ, ಮೋಟಾರ್ ಸೈಕಲ್ಲಿಗೆ."

"ಕಲ್ಯಾಣ ಆಯ್ತಾ ನಿಂಗೆ?"

"ಅದಕ್ಕೇ ಈ ಬಟ್ಟೆ."

ಕಾಕ ನನ್ನನ್ನು ಮೇಲಿಂದ ಕೆಳಗೆ ನೋಡಿ, ಬಟ್ಟೆ ಕಟ್ಟಿಕೊಟ್ಟು, ಮುಂದಿನ ಗಿರಾಕಿಯ ಕಡೆ ತಿರುಗಿದ. ಕೇಳಬಾರದ್ದನ್ನು ಕೇಳಿದೆನಲ್ಲ ಎಂಬಂತಿತ್ತು ಮುಖ.

ಆ ಬಟ್ಟೆಯಿಂದ ಒರೆಸಿದೆ. ಅದು ನೀರನ್ನು ಕುಡಿಯಲಿಲ್ಲ, ಈ ಕಡೆಯಿಂದ ಆ ಕಡೆಗೆ ನಡೆಸಿಕೊಂಡು ಹೋಯಿತು. ಮೇಲೆ ಬಿಳಿ ನೂಲಿನ ಎಳೆ ಬೇರೆ. ಮಾವ ಒಂದೊಂದು ಎಳೆಯನ್ನೂ ಉಗುರಿನಿಂದ ಎತ್ತುತ್ತ ಅಂದರು: "ಗಂಜಿ ಹೋಗದ ಹೊಸ ಬಟ್ಟೆ, ಹೊಸ ಅಳಿಯ, ಎರಡೂ ಒಂದೇ. ನೋಡೋಕೆ ಜೋರು, ಏನನ್ನೂ ಹೀರ್ಕೊಳ್ಳಲ್ಲ. ಫೇಲ್."

ಮಾವನ ಹತ್ತಿರ ದೊರೆ ಬಿಟ್ಟುಹೋದ ಒಂದು ತುಂಡು ಇತ್ತು, ಹಳದಿ ಬಣ್ಣದ್ದು. ಎಂಥ ನೀರನ್ನೂ ಒಂದೇ ಗುಟುಕಿಗೆ ಕುಡಿಯುತ್ತಿತ್ತು. ಅದಕ್ಕೆ "ದೊರೆ ಬಟ್ಟೆ" ಎಂದು ಹೆಸರು. ಮುಟ್ಟಿ ನೋಡಿದ ಯಾರಿಗಾದರೂ ಅದು ಬಟ್ಟೆಯಲ್ಲ, ಯಾವುದೋ ಕುರಿಯ ಚರ್ಮ ಎಂದು ತಿಳಿಯುವಂತಿತ್ತು. ಕತ್ತಿನಲ್ಲಿ ಶಿವದಾರ ಹಾಕಿ ಮೂರು ಹೊತ್ತು ವಿಭೂತಿ ಇಡುವ ಮಾವ ಅದನ್ನು ಬಟ್ಟೆ ಎಂದೇ ನಂಬಿದ್ದರು; ಆದರೆ ಮುಟ್ಟಿದಾಗಲೆಲ್ಲ ಸ್ನಾನ ಮಾಡುತ್ತಿದ್ದರು. ಬಟ್ಟೆ ಮುಟ್ಟಿ ಸ್ನಾನ ಯಾಕೆ ಎಂದು ಕೇಳಿದರೆ "ದೊರೆ ಮುಟ್ಟಿದ್ದಲ್ವೇನೋ" ಅನ್ನುತ್ತಿದ್ದರು. ಹೀಗೆ ಮೋಟಾರ್ ಸೈಕಲ್ಲಿಗೆ ಒಂದು ಸ್ನಾನವಾದರೆ ಮಾವನಿಗೆ ಎರಡು ಆಗುತ್ತಿತ್ತು.

ಅದರಿಂದಲೇ ಒರೆಸು ಎಂದು ಮಾವ ಕೊಟ್ಟ ಮೇಲೆ ಬಟ್ಟೆಯ ಸಂಗತಿ ಇತ್ಯರ್ಥವಾಯಿತು, ಉಳಿದದ್ದು ನೀರು. ಮಾವನ ಬಾವಿಯ ನೀರು ಒಣಗಿದರೆ ಸುಣ್ಣದ ಗುರುತು ಬಿಡುತ್ತಿತ್ತು. ನನಗೆ ಒಂದು ಉಪಾಯ ಹೊಳೆಯಿತು. ನಮ್ಮೂರ ಪಕ್ಕದಲ್ಲೇ ಕಾವೇರಿ ಹರಿಯುತ್ತಾಳೆ. ತೆಳ್ಳಗೆ, ತಿಳಿಯಾಗಿ, ಕುಡಿದರೆ ಸಿಹಿ. ಒಂದು ಪೀಪಾಯಿ ತುಂಬಿಸಿ, ಬಾಯಿ ಕಟ್ಟಿ, ಗಾಡಿಗೇರಿಸಿದೆ. ಫ್ರೇಸರ್‌ಪೇಟೆ ದಾಟಿ ಘಾಟಿ ಹತ್ತುವಾಗ ಎದುರಿಗೆ ಬಂದ ಗಾಡಿಯವರು "ಏನ್ ಗೌಡ್ರೆ, ಸರಕು?" ಎಂದು ಕೇಳಿದರು. "ನೀರು" ಅಂದೆ. "ಎಲ್ಲಿಗೆ?" "ಮಡಿಕೇರಿಗೆ." ಅವರು ದಾರಿ ಬಿಟ್ಟುಕೊಟ್ಟ ರೀತಿ ನೋಡಬೇಕಿತ್ತು! ಹುಚ್ಚು ಹಿಡಿದವರಿಗೂ ಹೆಣದ ಗಾಡಿಗೂ ಮಾತ್ರ ಅಷ್ಟು ದಾರಿ ಬಿಡುತ್ತಾರೆ.

ಮಾವನ ಅಂಗಳದಲ್ಲಿ ಪೀಪಾಯಿ ಇಳಿಸಿ ಹೆಮ್ಮೆಯಿಂದ ಹೇಳಿದೆ: "ಮಾವ, ಕಾವೇರಿ ನೀರು. ಇವತ್ತು ಕಲೆ ಉಳಿದ್ರೆ ಮೀಸೆ ಬೋಳಿಸ್ತೀನಿ."

ಮಾವ ಕಾಲಿನ ಚಪ್ಪಲಿ ಬಿಟ್ಟರು. ತಲೆಯ ರುಮಾಲು ತೆಗೆದರು. ಪೀಪಾಯಿಗೆ ಅಡ್ಡಬಿದ್ದರು!

"ಲೋ ಪಾಪಿ! ತಲಕಾವೇರಿಯಲ್ಲಿ ಹುಟ್ಟಿದ ತಾಯೀನ ಟಯರಿಗೆ ಹಾಕ್ತೀಯಾ?"

ಹೌದಲ್ಲ! ನನ್ನ ಮೈ ಜುಮ್ಮೆಂದಿತು. ದಿನಾ ಎತ್ತು ತೊಳೆಯುವ ಹೊಳೆ. ಮನೆ ಮುಂದೆ ಹರಿಯುವಾಗ ಹೊಳೆ, ಪೀಪಾಯಿಯಲ್ಲಿ ಘಾಟಿ ಹತ್ತಿದರೆ ತೀರ್ಥ ಎನ್ನುವುದು ನನಗೆ ತೋಚಿರಲಿಲ್ಲ. ಗಿರಿಜೆ ತಾಮ್ರದ ತಂಬಿಗೆ ತಂದಳು. ಮಾವ ಅಕ್ಕಪಕ್ಕದ ಮನೆಯವರನ್ನೆಲ್ಲ ಕರೆದು ತೀರ್ಥ ಕೊಟ್ಟರು. ಒಂದು ತಂಬಿಗೆ ಇಟ್ಟುಕೊಂಡು, ಉಳಿದದ್ದನ್ನು ಬಾವಿಗೆ ಹೊಯ್ದು, ಬಾವಿಯನ್ನೂ ಪಾವನ ಮಾಡಿದರು. ನಾನು ಪೆಚ್ಚುಮೋರೆ ಹಾಕಿಕೊಂಡು ಬಾವಿ ನೀರಿನಲ್ಲೇ ತೊಳೆದೆ. ದೊರೆ ಬಟ್ಟೆಯಿಂದ ಹನಿ ಹನಿ ಒತ್ತಿ ತೆಗೆದೆ. ಅವತ್ತು ನಿಜವಾಗಿಯೂ ಚೆನ್ನಾಗಿ ಬಂದಿತ್ತು. ಆಗ ಮಾವ ತುಂಬೆಸೊಪ್ಪು ಹಿಡಿದು ಬಂದರು. "ಎಲ್ಲರಿಗೂ ಆಯ್ತು, ಇದಕ್ಕೂ ಆಗ್ಲಿ" ಎಂದು ಮೋಟಾರ್ ಸೈಕಲ್ಲಿನ ಮೇಲೆ ತೀರ್ಥ ಪ್ರೋಕ್ಷಿಸಿದರು.

ಊಟ ಮುಗಿಸಿ ಬಂದರೆ ಟಾಂಕಿಯ ಮೇಲೆ ಸಾಲಾಗಿ ಚುಕ್ಕಿ.

"ಮಾವ, ಇದು ನೀವೇ ಹಾಕಿದ್ದಲ್ವಾ!"

"ಯಾರು ಹಾಕಿದ್ರೇನು? ಕಲೆ ಕಲೆಯೇ. ಫೇಲ್."

ಇದಾದ ಮೇಲೆ ನಮ್ಮೂರಿನಲ್ಲಿ ನನ್ನ ಹೆಸರು ಕೆಟ್ಟಿತು. ತಮ್ಮನಿಗೆ ಮದುವೆಯಾಯಿತು, ತಂಗಿಗೂ ಆಯಿತು. ಹಿರಿಯವನಾದ ನಾನು ಮಾತ್ರ ವಾರವಾರ ಫೇಲಾಗಿ ಬರುತ್ತಿದ್ದೆ. ಅವ್ವ ಬೇರೆ ಹೆಣ್ಣು ನೋಡುವ ಮಾತು ಎತ್ತಿದರು. "ಮಾವನ್ನ ಮದ್ವೆ ಆಗ್ತೀಯಾ, ಮೋಟಾರ್ ಸೈಕಲ್ನ ಮದ್ವೆ ಆಗ್ತೀಯಾ, ಒಂದು ಹೇಳು" ಎಂದು ತಮ್ಮನ ಹೆಂಡತಿಯ ಎದುರಿಗೇ ಕೇಳಿದರು. ಒಂದು ಕಡೆ ಮರ್ಯಾದೆ. ಇನ್ನೊಂದು ಕಡೆ ಗಿರಿಜೆ. ಅವಳನ್ನೂ ಕೇಳಿಕೊಂಡು ಬೇರೆ ಕಡೆಯವರು ಬಂದಿದ್ದರಂತೆ. "ಭಾವ ಇದಾರೆ" ಎಂದು ಅವಳೇ ಒಳಗಿನಿಂದ ಹೇಳಿ ಕಳಿಸಿದಳಂತೆ. ಅದನ್ನು ಕೇಳಿದ ಮೇಲೆ ಪರೀಕ್ಷೆ ಬಿಡುವುದುಂಟೇ?

ಕೊನೆಗೆ ಉಪಾಯ ಹೇಳಿದವಳೂ ಅವಳೇ. ಮಳೆನೀರು! ಅದೂ ಮೊದಲ ಮಳೆಯದಲ್ಲ. ಹೆಂಚಿನ ಕೆಮ್ಮಣ್ಣು, ಪಾಚಿ ಎಲ್ಲ ತೊಳೆದುಹೋದ ಮೇಲೆ ಸೂರಿನಿಂದ ಇಳಿಯುವ ನೀರು. ಅದನ್ನು ಹಂಡೆಯಲ್ಲಿ ಹಿಡಿದು, ಬಟ್ಟೆಯಲ್ಲಿ ಸೋಸಿಟ್ಟಿದ್ದಳು. ಗೌರಿಹಬ್ಬ ಕಳೆದು ಮಳೆ ಹೊಳವಾದ ಒಂದು ಮಧ್ಯಾಹ್ನ. ಕೊಟ್ಟಿಗೆಯ ನೆರಳು. ಮೇಲಿಂದ ಸಣ್ಣಗೆ ಸುರಿದೆ. ಮೊದಲು ಟಾಂಕಿ, ಆಮೇಲೆ ದೀಪ, ಕೊನೆಗೆ ಚಕ್ರ. ದೊರೆ ಬಟ್ಟೆ ಹಾಸಿ ಒತ್ತಿ ಎತ್ತಿದೆ. ಕಡ್ಡಿಗಳ ಸಂದಿನ ನೀರನ್ನು ಊದಿ ಹೊರಡಿಸಿದೆ. ಮಾವ ಕನ್ನಡಕ ಹಾಕಿಕೊಂಡು ಸುತ್ತ ಬಂದರು. ಕ್ಷೌರದ ಕನ್ನಡಿ ಹಿಡಿದು ಹೊಟ್ಟೆಯ ಕೆಳಗೂ ನೋಡಿದರು. ಒಂದೂ ಕಲೆ ಸಿಗಲಿಲ್ಲ. ಮುಖ ಮಾತ್ರ ಸಣ್ಣದಾಯಿತು.

"ಊಟ ಮಾಡ್ಕೊಂಡು ಬಾ."

ಅಕ್ಕಿರೊಟ್ಟಿ ಇನ್ನೂ ಅರ್ಧ ಆಗಿರಲಿಲ್ಲ, ಹೊರಗೆ ಎತ್ತಿನ ಗಂಟೆ ಕೇಳಿಸಿತು. ಹಗ್ಗ ಬಿಚ್ಚಿಕೊಂಡು ಪಕ್ಕದ ಮನೆಯವರ ಸೊಪ್ಪಿನ ಮಡಿಗೆ ಹೊರಟಿದೆ! ಎಂಜಲು ಕೈಯಲ್ಲೇ ಹಿತ್ತಲ ಬಾಗಿಲಿನಿಂದ ಓಡಿದೆ. ಎತ್ತು ಹಿಡಿದು ಕಟ್ಟಿ ತಿರುಗಿದರೆ ಕೊಟ್ಟಿಗೆ ಕಾಣುತ್ತಿತ್ತು.

ಮಾವ ಒಬ್ಬರೇ ನಿಂತಿದ್ದರು. ಕೈಯಲ್ಲಿ ಚೊಂಬು. ತೋರುಬೆರಳು ಅದ್ದಿದರು. ಹಿಂದಿನ ಮಡ್‌ಗಾರ್ಡಿನ ಮೇಲೆ ಒಂದೇ ಒಂದು ಹನಿ ಬಿಟ್ಟರು. ಆಮೇಲೆ ಬಾಗಿ, ಮಗುವಿಗೆ ಬಿಸಿ ಹಾಲು ಆರಿಸುವವರ ಹಾಗೆ, ಮೆಲ್ಲಗೆ ಅದನ್ನು ಊದತೊಡಗಿದರು. ಬೇಗ ಒಣಗಲಿ ಅಂತ.

ಚೊಂಬಿನಲ್ಲಿದ್ದದ್ದು ಬಾವಿ ನೀರು. ಅದೇ ಚೆನ್ನಾಗಿ ಕಲೆ ಬಿಡುವುದು!

ನನಗೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಎಷ್ಟು ಶುಕ್ರವಾರ! ಎಷ್ಟು ಕೊಡ ನೀರು! ಒಂದು ಪೀಪಾಯಿ ಕಾವೇರಿ! ಅಲ್ಲೇ ಕೂಗಿ ಊರು ಸೇರಿಸೋಣ ಅಂದುಕೊಂಡೆ. ಒಳಗೆ ಹೋದೆ. ಗಿರಿಜೆ ನನ್ನ ಮುಖ ನೋಡಿ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು.

"ನೋಡಿದ್ರಾ?"

"ನಿಂಗೆ ಗೊತ್ತಿತ್ತಾ?"

"ಇವತ್ತೇ ಅಲ್ಲ ಭಾವ. ಹಿಂದೆ ಎರಡು ಸಲ ನೋಡಿದೀನಿ."

"ಹೇಳ್ಬಾರ್ದಾಗಿತ್ತಾ? ನನ್ನ ಇಲ್ಲಿ ಕೋತಿ ಕುಣಿಸ್ದಂಗೆ..."

"ಅಪ್ಪಯ್ಯಂಗೆ ಏನೂ ಅನ್ಬೇಡಿ" ಅಂದಳು. ಒಲೆಯ ಕೊಳ್ಳಿ ಸರಿಮಾಡಿದಳು. "ನಮ್ಮವ್ವ ಮಳೇಲಿ ನೆಂದು, ಜ್ವರ ಎದೆಗೆ ಇಳಿದು ಹೋದ್ರಲ್ಲ. ನಂಗಾಗ ಬುದ್ಧಿ ಬಂದಿರ್ಲಿಲ್ಲ. ಆಮೇಲೆ ನಂಗೆ ತಲೆಗೆ ನೀರು ಹಾಕ್ತಿದ್ದಿದ್ದು ಅಪ್ಪಯ್ಯನೇ. ತೊಡೆ ಮೇಲೆ ಕೂರಿಸ್ಕೊಂಡು ಒಂದೊಂದು ಕೂದ್ಲು ಬಿಡಿಸಿ ಒರೆಸ್ತಿದ್ರು. ಒಂದು ಹನಿ ಉಳಿಯೋಕೆ ಬಿಡ್ತಿರ್ಲಿಲ್ಲ. ನಾನು ದೊಡ್ಡೋಳಾಗಿ, ಸಾಕು ಅಪ್ಪಯ್ಯ, ನಾನೇ ಒರೆಸ್ಕೊಳ್ತೀನಿ ಅಂದೆ. ಆ ವರ್ಷವೇ ದೊರೆ ಈ ಮೋಟಾರ್ ಸೈಕಲ್ ಕೊಟ್ಟಿದ್ದು."

ನಾನು ಕೈ ತೊಳೆದುಕೊಂಡೆ. ಹೊರಗಿನಿಂದ ಮಾವನ ದನಿ ಬಂತು.

"ಅಳಿಯಾ! ಬಾ ಇಲ್ಲಿ. ಮಡ್‌ಗಾರ್ಡಿನ ಮೇಲೆ ಒಂದು ಉಳಿದಿದೆ ನೋಡು."

ಹೋಗಿ ಬಾಗಿ ನೋಡಿದೆ. ಅಕ್ಕಿಕಾಳಿನಷ್ಟು ಕಲೆ. ಇನ್ನೂ ಪೂರ್ತಿ ಒಣಗಿರಲಿಲ್ಲ.

"ಹೌದು ಮಾವ" ಅಂದೆ. "ಉಳಿದಿದೆ."

"ಫೇಲ್" ಅಂದರು. ಅವತ್ತು ಅದನ್ನು ಗಟ್ಟಿಯಾಗಿ ಹೇಳಲಿಲ್ಲ.

ಮಡಿಕೇರಿಯಿಂದ ಇಳಿಯುವಾಗ ಎತ್ತುಗಳನ್ನು ತಡೆಯುತ್ತ ತಡೆಯುತ್ತ ಯೋಚಿಸಿದೆ. ನಾನು ಜಗಲಿಯಲ್ಲಿ ಕೂತು ಎದೆ ತಟ್ಟಿಕೊಂಡು ಆಡಿದ ಮಾತು ನೆನಪಾಯಿತು. "ಹೆಂಡ್ತೀನ ಕರ್ಕೊಂಡು ಹೋಗಿ." ಅದಕ್ಕೆ ಮಾವ "ಒಳ್ಳೇದು" ಅಂದಿದ್ದರು. "ಇಲ್ಲೇ ಇರೋ" ಎಂದು ಒಂದು ಮಾತು ಕೇಳಬಹುದಿತ್ತು. ಕೇಳಿದರೆ ನನ್ನ ಮರ್ಯಾದೆಗೆ ಪೆಟ್ಟು ಎಂದು ಕೇಳಲಿಲ್ಲ, ಚೊಂಬು ಹಿಡಿದರು. ಈಗ ನಾನೇನು ಮಾಡಬೇಕು? ಮನೆ ಅಳಿಯ ಆಗಲಾರೆ; ಅಷ್ಟು ಸಣ್ಣವನಲ್ಲ. ಮಾವನನ್ನು ಒಂಟಿ ಮಾಡಿ ಗಿರಿಜೆಯನ್ನು ಶಿರಂಗಾಲಕ್ಕೆ ಕರೆತರಲಾರೆ. ಅಷ್ಟು ದೊಡ್ಡವನೂ ಅಲ್ಲ. ಫ್ರೇಸರ್‌ಪೇಟೆ ಬರುವ ಹೊತ್ತಿಗೆ ಎತ್ತುಗಳೂ ದಣಿದಿದ್ದವು, ನಾನೂ ದಣಿದಿದ್ದೆ, ಆದರೆ ಒಂದು ದಾರಿ ಕಂಡಿತ್ತು. ಊರ ಬೇಸಾಯ ತಮ್ಮ ನೋಡಿಕೊಳ್ಳುತ್ತಿದ್ದ. ನನ್ನದು ಗಾಡಿ. ಗಾಡಿ ಎಲ್ಲಿ ನಿಂತರೆ ಅದೇ ಊರು.

ಮುಂದಿನ ಶುಕ್ರವಾರ ಸುಮ್ಮನೆ ಮೋಟಾರ್ ಸೈಕಲ್ ಹೊರಗೆ ತಳ್ಳಿ ನೀರು ಹೊಯ್ಯುತ್ತ ಹೇಳಿದೆ:

"ಮಾವ, ನಿಮ್ಮ ಮನೆ ಕೆಳಗಡೆ ಆ ಖಾಲಿ ಜಾಗ ಇದೆಯಲ್ಲ, ಅದನ್ನ ಮಾತಾಡಿದೀನಿ. ಇನ್ಮೇಲೆ ಗಾಡಿ ಅಲ್ಲಿಂದಲೇ ಹೊಡ್ಯೋದು. ಸಂತೆ ಸಾಮಾನು, ತೋಟದ ಕಾಫಿ, ಏನು ಸಿಕ್ಕಿದ್ರೆ ಅದು. ಎತ್ತಿಗೆ ಕೊಟ್ಟಿಗೆ, ಪಕ್ಕದಲ್ಲೇ ಮನೆ."

ಮಾವ ಕನ್ನಡಕ ತೆಗೆದರು. "ಯಾರ ಮನೆ?"

"ನನ್ನ ಮನೆ ಮಾವ. ನಾನು ಕಟ್ಟೋದು. ನನ್ನ ದುಡಿಮೆ."

"ಅಲ್ಲಿಂದ ಇಲ್ಲಿಗೆ ಎಷ್ಟು ದೂರ ಆಗ್ತದೆ?"

"ಕೂಗಿದ್ರೆ ಕೇಳ್ತದೆ."

"ಮಳೇಲಿ?"

"ಮಳೇಲಿ ಸ್ವಲ್ಪ ಜೋರಾಗಿ ಕೂಗ್ಬೇಕು."

ಮಾವ ಕನ್ನಡಕ ಒರೆಸತೊಡಗಿದರು. ನನ್ನ ಗಮನವೆಲ್ಲ ಅವರ ಮೇಲೇ ಇತ್ತು. ಅವತ್ತಿನಷ್ಟು ಕೆಟ್ಟದಾಗಿ ನಾನು ಯಾವತ್ತೂ ತೊಳೆದಿಲ್ಲ. ಮಳೆನೀರಿನ ಹಂಡೆ ಬಿಟ್ಟು ಬಾವಿ ನೀರು ಹೊಯ್ದಿದ್ದೆ. ಬಿಸಿಲು ಬಂದದ್ದನ್ನೂ ನೋಡಲಿಲ್ಲ. ಊಟಕ್ಕೆ ಕಳಿಸುವ ಮೊದಲೇ ಎಲ್ಲ ಒಣಗಿತು. ದೀಪದ ನಟ್ಟನಡುವೆ ಎಂಟಾಣೆ ಬಿಲ್ಲೆಯಷ್ಟು ದೊಡ್ಡ ಕಲೆ. ಕುರುಡನೂ ಕಾಣುವಂಥದ್ದು!

ಮಾವ ಕನ್ನಡಕ ಹಾಕಿಕೊಂಡು ಸುತ್ತ ಬಂದರು. ಟಾಂಕಿ ನೋಡಿದರು. ಕನ್ನಡಿ ಹಿಡಿದು ಹೊಟ್ಟೆ ನೋಡಿದರು. ದೀಪದ ಮುಂದೆ ಬಂದು ನಿಂತು, ಅದರ ಮೇಲೆ ಅಂಗೈ ಇಟ್ಟರು. ಕಲೆಯ ಮೇಲೆ ಸರಿಯಾಗಿ. ನನ್ನ ಮುಖ ನೋಡಿದರು.

"ಒಂದೂ ಕಲೆ ಇಲ್ಲ ಕಣೋ" ಅಂದರು. "ಪಾಸ್."

ಒಳಗೆ ಏನೋ ಪಾತ್ರೆ ಕೈಜಾರಿ ಬಿದ್ದ ಸದ್ದಾಯಿತು.

ಅವ್ವ ಮದುವೆಯ ದಿನವೂ ಗೊಣಗಿದರು: "ಮೇಲಿನ ಮನೆಗೂ ಕೆಳಗಿನ ಮನೆಗೂ ಏನ್ಲಾ ವ್ಯತ್ಯಾಸ?" ವ್ಯತ್ಯಾಸ ಇದೆ ಅವ್ವ, ನಡುವೆ ಮೆಟ್ಟಿಲಿದೆ ಅಂದೆ. ಮಳೆಗಾಲದಲ್ಲಿ ಸಂಜೆ ದೀಪ ಹಚ್ಚುವ ಹೊತ್ತಿಗೆ ಮಾವ ಮೇಲಿನ ಜಗಲಿಯಿಂದ ಕೂಗುತ್ತಿದ್ದರು: "ಗಿರಿಜಾ, ಕೇಳ್ತದಾ?" ಇವಳು ಕೆಳಗಿನಿಂದ "ಕೇಳ್ತದೆ ಅಪ್ಪಯ್ಯಾ!" ಅನ್ನುತ್ತಿದ್ದಳು. ಅಷ್ಟೇ ಮಾತು. ಬೇರೆ ಏನೂ ಇರುತ್ತಿರಲಿಲ್ಲ. ನಮ್ಮ ಮಗಳು ಮಾತು ಕಲಿತ ಮೇಲೆ ಆ ಉತ್ತರ ಕೊಡುವ ಕೆಲಸ ಅವಳದಾಯಿತು. ಮಗಳಿಗೆ ತಲೆಗೆ ನೀರು ಹಾಕಿದ ದಿನ ಮಾವ ಮೆಟ್ಟಿಲಿಳಿದು ಬಂದು, ತೊಡೆಯ ಮೇಲೆ ಕೂರಿಸಿಕೊಂಡು ಒರೆಸುತ್ತಿದ್ದರು. ಆ ದಿನಗಳಲ್ಲಿ ಮೋಟಾರ್ ಸೈಕಲ್ಲಿಗೆ ಸ್ನಾನ ತಪ್ಪುತ್ತಿತ್ತು.

ಮಾವ ಹೋಗಿ ಕೆಲವು ವರ್ಷವಾಯಿತು. ಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್ ಬಂದು ದೇಶದ ಮೋಟಾರುಗಳೆಲ್ಲ ನಿಂತಲ್ಲೇ ನಿಂತಾಗ ನಮಗೇನೂ ವ್ಯತ್ಯಾಸ ಗೊತ್ತಾಗಲಿಲ್ಲ. ಮಳೆಯ ಸಂಜೆಗಳಲ್ಲಿ ಗಿರಿಜೆ ಈಗಲೂ ಒಂದು ಗಳಿಗೆ ಜಗಲಿಗೆ ಬಂದು, ಮೇಲಿನ ಮನೆಯ ಕಡೆ ಕಿವಿಕೊಟ್ಟು, ಒಳಗೆ ಹೋಗುತ್ತಾಳೆ. ನಾನು ಕಂಡೂ ಕಾಣದವನ ಹಾಗೆ ಎತ್ತಿಗೆ ಹುಲ್ಲು ಹಾಕುತ್ತೇನೆ.

ಕಳೆದ ಶುಕ್ರವಾರ ಊರಿನಿಂದ ನನ್ನ ತಂಗಿ ಬಂದಿದ್ದಳು, ತೆಂಗಿನಕಾಯಿ ಹಿಡಿದುಕೊಂಡು. ಜೊತೆಗೆ ಅವಳ ಮಗ. ಒಳ್ಳೆಯ ಹುಡುಗ, ಮೈಸೂರಿನಲ್ಲಿ ಒಂದು ಮಿಲ್ಲಿನಲ್ಲಿ ಗುಮಾಸ್ತ. ಸೋದರಮಾವನ ಮಗಳನ್ನು ಕೇಳುವುದು ಕ್ರಮ, ಅವನಿಗೆ ಹಕ್ಕಿದೆ, ನನ್ನದೇನೂ ಅಡ್ಡಿಯಿಲ್ಲ. ಆದರೆ ಮೈಸೂರಿನಿಂದ ಕೂಗಿದರೆ ಇಲ್ಲಿಗೆ ಕೇಳಿಸುವುದಿಲ್ಲ. ಎಷ್ಟು ಜೋರಾಗಿ ಕೂಗಿದರೂ.

"ಮೋಟಾರ್ ಸೈಕಲ್ ತೊಳ್ಯೋಕೆ ಬತ್ತದೇನೋ?" ಎಂದು ಕೇಳಿದೆ.

"ತೊಳ್ಯೋದು ತಾನೇ ಮಾವ?" ಅಂದ ಹುಡುಗ, ಶರಟಿನ ತೋಳು ಮಡಚುತ್ತ. ಗಿರಿಜೆ ನನ್ನನ್ನೇ ನೋಡಿದಳು. ನಾನು ಎತ್ತಿನ ಕಡೆ ನೋಡಿದೆ.

ಪಾಪ, ಮೈ ಮುರಿದು ತೊಳೆದ. "ಊಟ ಮಾಡ್ಕೊಂಡು ಬಾ" ಎಂದು ಒಳಗೆ ಕಳಿಸಿದೆ. ಅವನ ತಟ್ಟೆಯ ಸದ್ದು ಕೇಳುವವರೆಗೆ ಕೊಟ್ಟಿಗೆಯಲ್ಲಿ ಒಬ್ಬನೇ ನಿಂತಿದ್ದೆ.

ಓದು ಬಿಟ್ಟವನು ನಾನು. ಈಗ ನನ್ನ ಹತ್ತಿರ ಇರುವುದು ಇಷ್ಟು. ಎರಡು ಗಾಡಿ. ನಾಲ್ಕು ಎತ್ತು. ನಾನೇ ಕಟ್ಟಿದ ಒಂದು ಹೆಂಚಿನ ಮನೆ. ಮಳೆನೀರಿನ ಒಂದು ಹಂಡೆ. ಮಾವನ ಮೋಟಾರ್ ಸೈಕಲ್ ಒಂದು. ದೊರೆ ಬಟ್ಟೆ ಒಂದು. ಹೆಂಡತಿ ಒಬ್ಬಳು. ಮಗಳು ಒಬ್ಬಳೇ ಒಬ್ಬಳು. ಕೈಯಲ್ಲಿ ಒಂದು ಚೊಂಬು ಬಾವಿ ನೀರು.